ಸುಳಿ ನೋಡುತ್ತಿದ್ದ ಕಾಲ

ಬೈಂದೂರು ಇನ್ನೂ ಕುಂದಾಪುರ ತಾಲೂಕಿನೊಳಗೇ ಇದ್ದ ದಿನಗಳು. ನಾಗೂರಿನ ಹತ್ತಿರದ ನಮ್ಮ ಹಿತ್ತಿಲಲ್ಲಿ ನಲವತ್ತು ತೆಂಗಿನ ಮರಗಳಿದ್ದವು. ಒಂದೂವರೆ ತಿಂಗಳಿಗೊಮ್ಮೆ ಕಾಯಿ ಕೀಳುವವರು ಬರುತ್ತಿದ್ದರು. ಸೊಂಟದಲ್ಲಿ ಕತ್ತಿ, ಪಕ್ಕದಲ್ಲಿ ತುದಿ ಬಗ್ಗಿಸಿದ ಕಬ್ಬಿಣದ ಕಡ್ಡಿ. ಕಾಯಿ ಕೆಡವಿದೊಡನೆ ಇಳಿಯುತ್ತಿರಲಿಲ್ಲ. ಸುಳಿಯ ಬುಡದಲ್ಲಿ ಜಗಿದು ದೂಡಿದ ನಾರು ಕಂಡರೆ ಆ ತೂತಿಗೆ ಕಡ್ಡಿ ತೂರಿಸಿ, ತಿರುವಿ, ಕುರುವಾಯಿಯನ್ನು ಚುಚ್ಚಿ ಎಳೆಯುತ್ತಿದ್ದರು. ಹೆಬ್ಬೆರಳಷ್ಟು ದಪ್ಪದ ಕಪ್ಪು ಹುಳ, ತಲೆಯ ಮೇಲೊಂದು ಕೊಂಬು. ಅದು ಅಂಗಳಕ್ಕೆ ಬಿದ್ದರೆ ಕೋಳಿಗಳು ಓಡಿ ಬರುತ್ತಿದ್ದವು. ಆಮೇಲೆ ಮಡಲಿನ ಸಂದಿಗೆ ಮರಳು, ಉಪ್ಪು. "ಸುಳಿ ಹೋಯ್ತಂದ್ರೆ ಮರ ಹೋಯ್ತ್" ಎನ್ನುತ್ತಿದ್ದರು.

ಆ ಕಾಲವೇ ಚೆನ್ನಾಗಿತ್ತು ಎನ್ನಲಾರೆ. ಕುರುವಾಯಿಯನ್ನು ಸಾಕುತ್ತಿದ್ದವರೂ ನಾವೇ. ಹಟ್ಟಿಯ ಹಿಂದಿನ ಗೊಬ್ಬರಗುಂಡಿ ಕೆದಕಿದರೆ ಬಿಳಿಯ ಮರಿಹುಳಗಳು ಬೊಗಸೆಗಟ್ಟಲೆ ಸಿಗುತ್ತಿದ್ದವು. ಹತ್ತುವವರಿಗೆ ಕೊಡುತ್ತಿದ್ದ ಕೂಲಿ ಕಾಯಿ ಕಿತ್ತದ್ದಕ್ಕೆ ಮಾತ್ರ. ಸುಳಿ ನೋಡಿದ್ದು ಬಿಟ್ಟಿ. ಬಿದ್ದು ಸೊಂಟ ಮುರಿದರೆ ಕೇಳುವವರಿರಲಿಲ್ಲ. ಅವರ ಮಕ್ಕಳು ಬೆಂಗಳೂರು, ಮುಂಬೈಯ ಹೋಟೆಲುಗಳಿಗೆ ಹೋದದ್ದರಲ್ಲಿ ತಪ್ಪೇನಿದೆ?

ಈಗ ವರ್ಷಕ್ಕೆ ಮೂರು ಸಲ ಕಾಯಿ ಕೀಳಿಸಿದರೆ ಹೆಚ್ಚು. ಉಳಿದದ್ದನ್ನು ತಾನಾಗಿ ಬಿದ್ದ ಹಾಗೆ ಹೆಕ್ಕುತ್ತೇವೆ. ಕುರುವಾಯಿ ಮಾಡಿದ ಗಾಯಕ್ಕೆ ಕೆಂಪುಮೂತಿ ಹುಳ ಬಂದು ಮೊಟ್ಟೆಯಿಡುತ್ತದೆ. ಮರಿ ಕಾಂಡದೊಳಗೇ ತಿಂದು ಬೆಳೆಯುತ್ತದೆ. ನಮ್ಮ ಬಾವಿಕಟ್ಟೆಯ ಮರದಲ್ಲಿ ಕಂದು ರಸ ಇಳಿಯುವುದು ಕಂಡು ಕಿವಿಯೊತ್ತಿದೆ. ಒಳಗೆ ಕರಕರ ಸದ್ದು. ಮಳೆಗಾಲ ಮುಗಿಯುವುದರೊಳಗೆ ಮರದ ತಲೆ ಕಳಚಿ ಬಿತ್ತು.

ಕಾವಲು ತಪ್ಪಿದರೆ ಹುಳ ಹಬ್ಬುವುದು ನಮ್ಮಲ್ಲಿ ಮಾತ್ರವಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 1990ರ ದಶಕದಿಂದೀಚೆಗೆ ಅಕ್ಕಿಕಾಳಿನಷ್ಟು ದೊಡ್ಡ ತೊಗಟೆ ದುಂಬಿಯೊಂದು ಸುಮಾರು 180 ಲಕ್ಷ ಹೆಕ್ಟೇರ್ ಪೈನ್ ಕಾಡಿಗೆ ಹಬ್ಬಿತು. ಮೈನಸ್ 40 ಡಿಗ್ರಿಯ ಚಳಿ ಅದರ ಮರಿಗಳನ್ನು ಕೊಲ್ಲುತ್ತಿತ್ತು. ಭೂಮಿ ಕಾದು ಅಂಥ ಚಳಿ ಅಪರೂಪವಾಯಿತು. ನಮ್ಮ ಕರಾವಳಿಗೆ ಚಳಿಯ ಕಾವಲು ಯಾವತ್ತೂ ಇರಲಿಲ್ಲ. ಆ ಕೆಲಸ ಮಾಡುತ್ತಿದ್ದವರು ಕಡ್ಡಿ ಸಿಕ್ಕಿಸಿಕೊಂಡು ಹತ್ತುತ್ತಿದ್ದ ಆಳುಗಳು. ಇದೇ ಕೆಂಪುಮೂತಿ 1980ರ ದಶಕದಲ್ಲಿ ಗಲ್ಫಿನ ಖರ್ಜೂರದ ತೋಟಗಳನ್ನೂ ಹೊಕ್ಕಿತು. ಅಲ್ಲಿ ಅದನ್ನು ಓಡಿಸಲು ಸರ್ಕಾರಗಳೇ ಹಣ ಸುರಿಯುತ್ತಿವೆ.

ಉಪಾಯಗಳಿಲ್ಲದೆ ಇಲ್ಲ. ಗೊಬ್ಬರಗುಂಡಿಗೆ ಮೆಟಾರೈಜಿಯಂ ಎಂಬ ಹಸಿರು ಶಿಲೀಂಧ್ರ ಬೆರೆಸಿದರೆ ಕುರುವಾಯಿಯ ಮರಿಗಳು ಸಾಯುತ್ತವೆ. ಹುಳಗಳನ್ನು ವಾಸನೆಯಿಂದ ಸೆಳೆಯುವ ಬಕೆಟ್ ಬಲೆಗಳಿವೆ. ಸತ್ತ ಮರವನ್ನು ಹಿತ್ತಿಲಲ್ಲೇ ಕೊಳೆಯಲು ಬಿಡದೆ ಸೀಳಿ ಸುಡಬೇಕು. ಆದರೆ ಬುಡದಲ್ಲಿ ನಿಂತವರಿಗೆ ಸುಳಿಯ ತೂತು ಕಾಣುವುದಿಲ್ಲ. ಹತ್ತಲು ಜನ ಸಿಕ್ಕಿದ ದಿನ ಕಾಯಿಯ ಜೊತೆಗೆ ಸುಳಿಯನ್ನೂ ನೋಡಿಸಿ. ಅದರ ಕೂಲಿಯನ್ನು ಬೇರೆಯಾಗಿ ಕೊಡಿ.