ಲಡ್ಲೋ ಪಟ್ಟಣದಲ್ಲೊಂದು ಹಳೆಯ ಮನೆ

ಪರದೇಶದಲ್ಲಿರುವ ಮಕ್ಕಳು ಅಲ್ಲಿಯೇ ಮನೆ ಕೊಳ್ಳುವರೆಂದರೆ ಹೆತ್ತವರ ಮನದಲ್ಲಿ ಸಂತೋಷವೂ ಅಳುಕೂ ಒಟ್ಟಿಗೆ ಮೂಡುತ್ತವೆ. ಮಕ್ಕಳು ಇನ್ನು ಹಿಂದಿರುಗಿ ಬಾರರೇನೋ ಎಂಬ ಅಳುಕು ಅದು. 2023ರ ಬೇಸಿಗೆಯಲ್ಲಿ ನಾವು ದಂಪತಿಗಳು ಇಂಗ್ಲೆಂಡಿಗೆ ಹೋದಾಗ, ಮಗಳೂ ಅಳಿಯಂದಿರೂ ತಾವು ಕೊಳ್ಳಬೇಕೆಂದಿದ್ದ ಹಳೆಯ ಮನೆಯೊಂದನ್ನು ತೋರಿಸಲು ನಮ್ಮನ್ನು ಷ್ರಾಪ್‌ಷೈರ್ ಕೌಂಟಿಯ ಲಡ್ಲೋ ಪಟ್ಟಣಕ್ಕೆ ಕರೆದೊಯ್ದರು.

ಅವರ ಉದ್ಯೋಗದ ಊರಾದ ಹೆರಿಫರ್ಡಿನಿಂದ ಲಡ್ಲೋ ಉತ್ತರಕ್ಕೆ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ವೇಲ್ಸ್ ನಾಡಿನ ಗಡಿಗೆ ಹತ್ತಿರವಾಗಿ, ಟೀಮ್ ನದಿಯ ದಂಡೆಯ ದಿಬ್ಬದ ಮೇಲೆ ನಿಂತ ಊರಿದು. ಜನಸಂಖ್ಯೆ ಸುಮಾರು 10,000. ಊರ ಅಂಚಿನಲ್ಲಿ ನಾರ್ಮನ್ನರು 11ನೆಯ ಶತಮಾನದ ಕೊನೆಯಲ್ಲಿ ಕಟ್ಟತೊಡಗಿದ ಕೋಟೆಯಿದೆ. ದೊರೆ ಏಳನೆಯ ಹೆನ್ರಿಯ ಹಿರಿಯ ಮಗ ಆರ್ಥರ್ 1502ರಲ್ಲಿ ಎಳೆಯ ವಯಸ್ಸಿನಲ್ಲಿಯೇ ಇಲ್ಲಿ ತೀರಿಕೊಂಡನು. ಅದರಿಂದ ಅವನ ತಮ್ಮನು ಎಂಟನೆಯ ಹೆನ್ರಿಯಾಗಿ ಪಟ್ಟವೇರುವಂತಾಯಿತು. ಅಂಥ ಕೋಟೆಯ ಮುಂದಿನ ಬಯಲಿನಲ್ಲಿ ಈಗ ಸಂತೆ ನೆರೆಯುತ್ತದೆ. ಸಂತೆಯ ಗದ್ದಲ ದಾಟಿ ಬ್ರಾಡ್ ಸ್ಟ್ರೀಟಿನ ಇಳಿಜಾರಿನಲ್ಲಿ ನಡೆದರೆ ನಮ್ಮ ಹೆಜ್ಜೆಯ ಸಪ್ಪಳ ನಮಗೇ ಕೇಳಿಸುವಷ್ಟು ಶಾಂತಿ.

ಮನೆ ಹೊರನೋಟಕ್ಕೆ ಇಟ್ಟಿಗೆಯದು. ಒಳಹೊಕ್ಕರೆ ಓಕ್ ಮರದ ಕಂಬ ತೊಲೆಗಳು. ಈ ಊರಿನ ಅನೇಕ ಮನೆಗಳು ಹೀಗೆಯೇ. ಹಳೆಯ ಮರದ ಕಟ್ಟಡಕ್ಕೆ 18ನೆಯ ಶತಮಾನದಲ್ಲಿ ಇಟ್ಟಿಗೆಯ ಮೊಗ ತೊಡಿಸಿದ್ದಾರೆ. ಕಂಬಗಳ ನಡುವೆ ಕಡ್ಡಿ ಹೆಣೆದು, ಮಣ್ಣು, ಹುಲ್ಲು, ಸಗಣಿ ಕಲಸಿ ಮೆತ್ತಿದ ಗೋಡೆ ಎಂದು ಅಳಿಯಂದಿರು ವಿವರಿಸಿದಾಗ, ಇಂಗ್ಲೆಂಡಿನ ಗೋಡೆಯಲ್ಲಿಯೂ ಸಗಣಿಯೇ ಎಂದು ನಾವು ನಕ್ಕೆವು.

ನಗು ಬಹಳ ದಿನ ಉಳಿಯಲಿಲ್ಲ. ಆ ದೇಶದಲ್ಲಿ ಮಾರುವವರು ಬೆಲೆಗೆ ಒಪ್ಪಿದ ಮಾತ್ರಕ್ಕೆ ವ್ಯವಹಾರ ಗಟ್ಟಿಯಾಗದು. ಉಭಯ ವಕೀಲರು ಕರಾರುಪತ್ರಗಳನ್ನು ವಿನಿಮಯ ಮಾಡಿಕೊಂಡ ಮೇಲೆಯೇ ಇಬ್ಬರೂ ಬದ್ಧರು. ಆಗ ಬೆಲೆಯ ನೂರಕ್ಕೆ 10ರಷ್ಟು ಮುಂಗಡ ಕೊಡುವುದು ವಾಡಿಕೆ. ಅದಕ್ಕೆ ಮೊದಲು ಕೊಳ್ಳುವವರು ತಮ್ಮ ಖರ್ಚಿನಿಂದ ತಜ್ಞರನ್ನು ಕರೆಸಿ ಮನೆಯನ್ನು ಪರೀಕ್ಷಿಸುತ್ತಾರೆ. ಹಾಗೆ ಬಂದ ವರದಿಯಲ್ಲಿ ಎರಡು ದೋಷಗಳಿದ್ದವು. ಹಿಂದಿನವರಾರೋ ಗೋಡೆಗೆ ಸಿಮೆಂಟು ಬಳಿಸಿದ್ದರು. ಅದರ ಹಿಂದೆ ತೇವ ನಿಂತು ಓಕ್ ತೊಲೆಯೊಂದು ಕೊಳೆತಿತ್ತು. ಹಿತ್ತಿಲ ಕಡೆಯ ಕಿಟಕಿಗಳೆರಡನ್ನು ಅನುಮತಿಯಿಲ್ಲದೆ ಕಿತ್ತು ಪ್ಲಾಸ್ಟಿಕ್ ಚೌಕಟ್ಟು ಕೂಡಿಸಿದ್ದರು. ಮನೆಯು ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿದ್ದುದರಿಂದ ಇದು ಸಣ್ಣ ವಿಷಯವಾಗಿರಲಿಲ್ಲ. 1990ರ ಕಾಯಿದೆಯಂತೆ ಅಂಥ ಮನೆಯ ಸ್ವರೂಪ ಕೆಡುವಂತೆ ಅನುಮತಿಯಿಲ್ಲದೆ ಮಾರ್ಪಾಡು ಮಾಡುವುದು ಅಪರಾಧ. ಮಾಡಿದವರು ಯಾರೇ ಇರಲಿ, ಸರಿಪಡಿಸಿರೆಂಬ ಆಜ್ಞೆ ಈಗಿನ ಒಡೆಯರಿಗೆ ಬರಬಹುದು. ಅದಕ್ಕೆ ಕಾಲಮಿತಿಯೂ ಇಲ್ಲ.

ಅಂದು ರಾತ್ರಿ ಮಗಳು, "ಅಪ್ಪಾಜಿ, ಬಿಟ್ಟುಬಿಡೋಣವೇ?" ಎಂದು ಕೇಳಿದಳು. ಬಿಟ್ಟುಬಿಡಿ ಎನ್ನುವುದು ನಮಗೆ ಸುಲಭವಾಗಿತ್ತು. ನಮ್ಮ ಅಳುಕಿಗೂ ಅದು ಒಪ್ಪುವ ಮಾತು. ಆದರೆ ನಮಗೆ ನೆನಪಾದುದು ಧಾರವಾಡದ ಕಡೆಯ ನಮ್ಮ ಹಿರಿಯರ ಮಾಳಿಗೆ ಮನೆ. 1988ರಲ್ಲಿ ಅದರ ಮಣ್ಣುಗೋಡೆಗೆ ಸಿಮೆಂಟು ಬಳಿಸಿದವರು ನಾವೇ. ಮಣ್ಣುಗೋಡೆ ತೇವವನ್ನು ಹೀರಿ ಮತ್ತೆ ಹೊರಬಿಡುತ್ತದೆ. ಸುಣ್ಣದ ಗಾರೆ ಅದಕ್ಕೆ ಎಡೆಗೊಡುತ್ತದೆ, ಸಿಮೆಂಟು ತಡೆಯುತ್ತದೆ. ಊರಿನ ಮುದುಕ ಗೌಂಡಿಯೊಬ್ಬನು ಬೇಡವೆಂದು ಹೇಳಿದ್ದನು. ನಾವು ಕೇಳಲಿಲ್ಲ. ಹತ್ತು ಮಳೆಗಾಲ ಕಳೆಯುವುದರೊಳಗೆ ಪಡಸಾಲೆಯ ಗೋಡೆ ಉಬ್ಬಿ ಬಿದ್ದಿತು. ಕಂಬಗಳನ್ನು ಮಾರಿದೆವು, ಬಳಿಕ ಜಾಗವನ್ನೂ ಮಾರಿದೆವು. ಆ ಕಂಬಗಳ ನಡುವೆ ಆಡಿ ಬೆಳೆದ ಮಗಳು ಈ ಕಂಬಗಳನ್ನು ಏಕೆ ಮೆಚ್ಚಿದಳೆಂಬುದು ನಮಗೆ ಆಗ ತಿಳಿಯಿತು.

"ದುರಸ್ತಿಯ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೇಳಿರಿ. ಮನೆಯನ್ನು ಇದ್ದಂತೆ ಉಳಿಸುವ ತಾಳ್ಮೆಯಿದ್ದರೆ ಕೊಳ್ಳಿರಿ, ಇಲ್ಲದಿದ್ದರೆ ಬೇಡ" ಎಂದೆವು. ಮಾರುವವರು ಒಂದಿಷ್ಟು ಬೆಲೆ ಇಳಿಸಿದರು. ನಾವು ಊರಿಗೆ ಮರಳುವ ವಾರ ಬೀಗದ ಕೈ ಮಗಳ ಕೈಸೇರಿತು.

2024ರಲ್ಲಿ ಪರವಾನಗಿ ಪಡೆದು ಸಿಮೆಂಟನ್ನು ಕೆತ್ತಿಸಿ, ಸುಣ್ಣದ ಗಾರೆ ಮಾಡಿಸಿ, ಮರದ ಕಿಟಕಿಗಳನ್ನು ಕೂಡಿಸಿದರು. ಖರ್ಚು ಎಣಿಸಿದ್ದಕ್ಕಿಂತ ಹೆಚ್ಚಾಯಿತು. ಮಗಳು ಕಳುಹಿಸಿದ ಚಿತ್ರದಲ್ಲಿ ಬಿಳಿಯ ಗೋಡೆಯ ಮುಂದೆ ಮೊಮ್ಮಗನು ಮೈಯೆಲ್ಲ ಸುಣ್ಣ ಮಾಡಿಕೊಂಡು ನಿಂತಿದ್ದಾನೆ. ಮಗಳು ಹಿಂದಿರುಗುವಳೋ ಇಲ್ಲವೋ ಎಂದು ಈಗ ನಾವು ಕೇಳುವುದಿಲ್ಲ.

ಹಳ್ಳಿಗಳಲ್ಲಿ ಹಿರಿಯರ ಮಣ್ಣಿನ ಮನೆ ಇನ್ನೂ ನಿಂತಿರುವ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ಗೋಡೆಗೆ ಸಿಮೆಂಟು ತರಿಸುವ ಮೊದಲು ಊರಿನ ಹಳೆಯ ಗೌಂಡಿಯನ್ನು ಒಮ್ಮೆ ಕರೆಸಿ ಕೇಳಿರಿ. ನಾವು ಕೇಳದೆ ಕೆಟ್ಟವರು.