ಗೋಡೆಗೂ ಉಸಿರು ಬೇಕು

ಸಂಪಿಗೆ ರಸ್ತೆಯ ಮೆಟ್ರೊ ನಿಲ್ದಾಣದಲ್ಲಿ ಇಳಿದು, ಮಲ್ಲೇಶ್ವರಕ್ಕೆ ಬೆನ್ನು ಮಾಡಿ ನಡೆದರೆ ಸ್ವಲ್ಪ ಹೊತ್ತಿನಲ್ಲೇ ಶೇಷಾದ್ರಿಪುರ. ಮುಖ್ಯರಸ್ತೆಯಲ್ಲಿ ಕಾಲೇಜು ಹುಡುಗರ ಗುಂಪು, ಬಸ್ಸುಗಳ ಗದ್ದಲ, ದರ್ಶಿನಿಯ ಮುಂದೆ ಕಾಫಿ ಲೋಟ ಹಿಡಿದು ನಿಂತವರು. ಅಲ್ಲಿಂದ ಯಾವುದಾದರೂ ಅಡ್ಡರಸ್ತೆಗೆ ತಿರುಗಿ, ಸ್ವಲ್ಪ ತಲೆ ಎತ್ತಿ ನೋಡುತ್ತ ನಡೆಯಿರಿ. ಎರಡು ಅಪಾರ್ಟ್‌ಮೆಂಟುಗಳ ನಡುವೆ ಸಿಕ್ಕಿಕೊಂಡಂತೆ ಒಂದು ಹೆಂಚಿನ ಮನೆ ಕಂಡೀತು. ಕಿಟಕಿಯ ನೆತ್ತಿಯ ಮೇಲೆ ಮರದ ಪಟ್ಟಿಗಳ ಚೂಪು ಟೋಪಿ. ಬೆಂಗಳೂರಿನವರು ಇದನ್ನು ‘ಮಂಕಿ ಟಾಪ್’ ಎನ್ನುತ್ತಾರೆ. ಮುಂದೆ ಜಗಲಿ, ಒಳಗೆ ಕೆಂಪು ಕಾವಿಯ ನೆಲ.

ಅಂಥದೊಂದು ಮನೆಯಲ್ಲಿ ನಾನು ಬೆಳೆದೆ. ಅದನ್ನು ಉಳಿಸಿಕೊಂಡ ಕಥೆಯನ್ನೇ ಇಲ್ಲಿ ಹೇಳಹೊರಟಿದ್ದೇನೆ.

ಬಡಾವಣೆಗೆ ಹೆಸರು ಕೊಟ್ಟವರು 1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದ ಕೆ. ಶೇಷಾದ್ರಿ ಐಯರ್. ಕಬ್ಬನ್ ಪಾರ್ಕಿನಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯವಿರುವ ಕೆಂಪು ಕಟ್ಟಡ ಅವರ ಸ್ಮಾರಕವೇ. 1898ರಲ್ಲಿ ಪ್ಲೇಗು ಬಂದಾಗ ಬೆಂಗಳೂರು ಪೇಟೆಯ ಇಕ್ಕಟ್ಟು ಮನೆಗಳು ಎಷ್ಟು ಅಪಾಯಕಾರಿ ಎಂದು ಜನರಿಗೆ ತಿಳಿಯಿತು. ಬಸವನಗುಡಿ, ಮಲ್ಲೇಶ್ವರಗಳು ಅಗಲ ರಸ್ತೆಗಳೊಂದಿಗೆ ಬೆಳೆದದ್ದು ಆ ಪಾಠದಿಂದ. ಆ ಕಾಲದ ಮನೆಗಳಲ್ಲಿ ಎತ್ತರದ ಸೂರು, ಅದರಡಿಯಲ್ಲಿ ಗಾಳಿಕಿಂಡಿ, ಸುತ್ತ ಒಂದಿಷ್ಟು ಬಯಲು ಇರುವುದು ಬರಿಯ ಅಂದಕ್ಕಲ್ಲ. ಗಾಳಿ ಬೆಳಕು ಆಡಲಿ ಎಂದು.

ನಮ್ಮ ಮನೆಯಲ್ಲಿ ಆಡದೆ ಹೋದದ್ದು ಅದೇ. ಕೆಲವು ವರ್ಷಗಳ ಹಿಂದೆ ಗೋಡೆಯ ಗಾರೆ ಅಲ್ಲಲ್ಲಿ ಉದುರಿದಾಗ, ‘ಗಟ್ಟಿಯಾಗಿರಲಿ’ ಎಂದು ಸುತ್ತಲೂ ಸಿಮೆಂಟು ಬಳಿಸಿ, ಮೇಲೆ ಹೊಳೆಯುವ ಬಣ್ಣ ಹೊಡೆಸಿದೆವು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆ ಮೊಣಕಾಲೆತ್ತರಕ್ಕೆ ಉಬ್ಬಿ, ಬಿಳಿ ಉಪ್ಪು ಹೊರಬಂತು. ಹಿತ್ತಿಲ ಕೋಣೆಯ ತೊಲೆಯ ತುದಿ ಬೆರಳಿಟ್ಟರೆ ಪುಡಿಯಾಗುವಷ್ಟು ಕೊಳೆತಿತ್ತು. ನೋಡಲು ಬಂದ ಗುತ್ತಿಗೆದಾರ ‘ಒಡೆದುಬಿಡಿ ಸಾರ್’ ಎಂದ.

ತಮ್ಮನೂ ಅದನ್ನೇ ಹೇಳಿದ. ‘ಅಮ್ಮ, ನಾಲ್ಕು ಫ್ಲ್ಯಾಟ್ ಆಗುತ್ತೆ. ಬಿಲ್ಡರ್‌ಗೆ ಎರಡು, ನಮಗೆ ಎರಡು.’ ಅವನ ಮಾತನ್ನು ದುರಾಸೆ ಎನ್ನುವಂತಿರಲಿಲ್ಲ. ಇಬ್ಬರು ಮಕ್ಕಳ ಕಾಲೇಜು ಫೀಜು ಅವನ ತಲೆಯ ಮೇಲಿತ್ತು.

ಅಮ್ಮ ಅಳಲೂ ಇಲ್ಲ, ಜಗಳವಾಡಲೂ ಇಲ್ಲ. ‘ಮೊದಲು ಗೋಡೆಗೆ ಏನಾಗಿದೆ ಅಂತ ತಿಳಿಯೋಣ ಕಣೋ. ಒಡೆಯೋದು ಇದ್ದೇ ಇದೆ’ ಎಂದಳು.

ಹಳೆಯ ಗಾರೆ ಕೆಲಸ ಬಲ್ಲ ಒಬ್ಬ ಮೇಸ್ತ್ರಿಯನ್ನು ಹುಡುಕಿ ಕರೆತಂದೆ. ಅವರು ಗೋಡೆಯನ್ನು ಅಲ್ಲಲ್ಲಿ ಬಡಿದು ಸದ್ದು ಕೇಳಿದರು. ಒಂದೆಡೆ ಸಿಮೆಂಟು ಎಬ್ಬಿಸಿ ಒಳಗಿನ ಇಟ್ಟಿಗೆ ಮುಟ್ಟಿ ನೋಡಿದರು.

‘ಅಮ್ಮಾವ್ರೇ, ಗೋಡೆ ಕೆಟ್ಟಿಲ್ಲ. ಉಸಿರು ಕಟ್ಟಿದೆ.’

‘ಹಾಗಂದ್ರೆ ಏನಪ್ಪ?’

‘ನೆಲದಿಂದ ಏರಿದ ನೀರು ಮೊದಲು ಸುಣ್ಣದ ಗಾರೆಯೊಳಗಿಂದ ಹೊರಗೆ ಹೋಗಿ ಆರಿಹೋಗ್ತಿತ್ತು. ನೀವು ಮೇಲೆ ಸಿಮೆಂಟು ಮೆತ್ತಿಬಿಟ್ರಿ. ಅದು ಎಲ್ಲಿಗೆ ಹೋಗಬೇಕು ಹೇಳಿ?’

ರಸಾಯನಶಾಸ್ತ್ರ ಓದುವ ಮಕ್ಕಳಿಗೆ ಇದು ಪರೀಕ್ಷೆಯ ಪ್ರಶ್ನೆ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟು ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಕೊತಕೊತ ಕುದಿದು ಅರಳುತ್ತದೆ. ಹತ್ತಿರ ಹೋಗಬೇಡಿ, ಕಣ್ಣಿಗೆ ಸಿಡಿದರೆ ಅಪಾಯ. ಗೋಡೆಗೆ ಬಳಿದ ಮೇಲೆ ಅದು ಗಾಳಿಯಲ್ಲಿನ ಡೈಆಕ್ಸೈಡನ್ನು ಮೆಲ್ಲಗೆ ಹೀರಿ ಮತ್ತೆ ಕಲ್ಲಾಗುತ್ತದೆ. ಆದರೆ ಸಣ್ಣ ರಂಧ್ರಗಳುಳ್ಳ ಕಲ್ಲು. ತೇವ ಅದರ ಮೂಲಕ ಹೊರಗೆ ಹೋಗಬಲ್ಲದು. ಸಿಮೆಂಟು ಒಳ್ಳೆಯ ವಸ್ತುವೇ; ಸುಣ್ಣದಲ್ಲಿ ಕಟ್ಟಿದ ಹಳೆಯ ಗೋಡೆಗೆ ಮಾತ್ರ ಅದು ಬಿಗಿಯಾದ ಅಂಗಿ.

ಈ ವಿದ್ಯೆ ನಮ್ಮಲ್ಲಿ ಮಾತ್ರ ಮರೆಯಾಗುತ್ತಿದೆ ಎಂದುಕೊಳ್ಳಬೇಡಿ. ಸ್ಪೇನ್ ದೇಶದ ದಕ್ಷಿಣದಲ್ಲಿ ಆಂದಲೂಸಿಯಾ ಎಂಬ ಸೀಮೆ. ಅಲ್ಲಿನ ಊರುಗಳು ಸುಣ್ಣ ಬಳಿದ ಬಿಳಿ ಮನೆಗಳಿಗೆ ಹೆಸರುವಾಸಿ. ಮನೆಯ ನಡುವೆ ನಮ್ಮ ತೊಟ್ಟಿಯಂಥ ತೆರೆದ ಅಂಗಳ, ಅದರ ಸುತ್ತ ಹೂಕುಂಡಗಳು. ಅಲ್ಲಿಯೂ ಹೊಸ ಸಾಮಗ್ರಿ ಬಂದು ಸುಣ್ಣದ ಗೂಡುಗಳು ಆರಿದವು. ಸೆವಿಲ್ ಪ್ರಾಂತ್ಯದ ಮೊರೋನ್ ಎಂಬ ಊರಿನವರು ಹಳೆಯ ಗೂಡುಗಳನ್ನು ದುರಸ್ತಿ ಮಾಡಿ, ಬಲ್ಲವರಿಂದ ಹೊಸಬರಿಗೆ ಕೆಲಸ ಕಲಿಸಿದರು. 2011ರಲ್ಲಿ ಯುನೆಸ್ಕೊ ಈ ಪ್ರಯತ್ನವನ್ನು ಸಂರಕ್ಷಣೆಯ ಒಳ್ಳೆಯ ಮಾದರಿಗಳ ಪಟ್ಟಿಗೆ ಸೇರಿಸಿತು. ಹಳೆಯ ಮನೆ ಉಳಿಯಬೇಕಾದರೆ ಮೊದಲು ಅದನ್ನು ಕಟ್ಟುವ ಕೈ ಉಳಿಯಬೇಕು ಎಂಬುದನ್ನು ಅವರು ಕಂಡುಕೊಂಡಿದ್ದರು.

ನಮ್ಮ ಮನೆಯ ಕೆಲಸ ಏಳು ತಿಂಗಳು ಹಿಡಿಯಿತು. ಸಿಮೆಂಟು ಕೆತ್ತಿ ತೆಗೆದು, ಗೋಡೆಯನ್ನು ಒಂದು ಬೇಸಿಗೆ ಸುಮ್ಮನೆ ಆರಲು ಬಿಟ್ಟೆವು. ಸುಣ್ಣ, ಮರಳು, ಇಟ್ಟಿಗೆ ಪುಡಿ ಕಲಸಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಬೆರೆಸಿ ಹೊಸ ಗಾರೆ ಬಳಿದರು. ಕೊಳೆತ ತೊಲೆಯ ಜಾಗಕ್ಕೆ, ಒಡೆದ ಮನೆಯೊಂದರಿಂದ ಬಂದ ತೇಗದ ತೊಲೆ ಕೊಂಡೆವು. ಅದರ ಮೇಲೆ ಜಂತೆ ಹಾಸಿ, ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿ ಮದ್ರಾಸ್ ತಾರಸಿ ಕಟ್ಟುವುದನ್ನು ತಮ್ಮನ ಮಗಳು ದಿನವೂ ಸಂಜೆ ನಿಂತು ನೋಡುತ್ತಿದ್ದಳು. ಖರ್ಚು ನಾವು ಎಣಿಸಿದ್ದಕ್ಕಿಂತ ಹೆಚ್ಚೇ ಆಯಿತು. ವೈರಿಂಗು, ಬಚ್ಚಲು ಎಲ್ಲ ಹೊಸದೇ. ಹಳೆಯದೆಲ್ಲ ಹೊನ್ನು ಎಂದು ಹಟ ಹಿಡಿದರೆ ಮನೆಯಲ್ಲಿ ವಾಸ ಮಾಡುವುದು ಹೇಗೆ?

ತಮ್ಮನ ಕಷ್ಟಕ್ಕೂ ದಾರಿ ಬೇಕಿತ್ತು. ಮುಂದಿನ ಎರಡು ಕೋಣೆಗಳನ್ನು ಬಾಡಿಗೆಗೆ ಕೊಟ್ಟೆವು. ಆ ಹಣ ಅವನಿಗೆ. ಫ್ಲ್ಯಾಟಿನ ಲೆಕ್ಕಕ್ಕೆ ಹೋಲಿಸಿದರೆ ಅದು ಅಲ್ಪವೇ, ಅವನಿಗೂ ಅದು ಗೊತ್ತು. ಮುಂದೆ ಏನಾಗುವುದೋ ಎಂಬ ಮಾತು ಮನೆಯಲ್ಲಿ ಇನ್ನೂ ಮುಗಿದಿಲ್ಲ. ಆದರೆ ಈಗ ಗೋಡೆ ಕೆಟ್ಟಿದೆ ಎಂಬ ನೆಪ ಯಾರ ಬಾಯಲ್ಲೂ ಇಲ್ಲ.

ಓದುವ ಮಕ್ಕಳಿಗೆ ಒಂದು ಮಾತು. ಅಜ್ಜಿಯ ಊರಿಗೆ ಹೋದಾಗ ಈ ಗೋಡೆ ಯಾವುದರದ್ದು, ಕಟ್ಟಿದವರು ಯಾರು ಎಂದು ಕೇಳಿ ಬರೆದಿಡಿ. ತಂದೆತಾಯಿಗಳು ಮೈಸೂರಿಗೆ ಹೋದರೆ ಅರಮನೆಯ ಜೊತೆಗೆ ಯಾದವಗಿರಿಯ ಆರ್. ಕೆ. ನಾರಾಯಣ್ ಮನೆಯನ್ನೂ ತೋರಿಸಿ. 2011ರಲ್ಲಿ ಒಡೆಯಲು ಶುರುವಾಗಿದ್ದ ಆ ಮನೆ ಜನರ ಒತ್ತಾಯದಿಂದ ಉಳಿದು, ದುರಸ್ತಿಯಾಗಿ, 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು.

ಕಳೆದ ಮಳೆಗಾಲದಲ್ಲಿ ಮೇಸ್ತ್ರಿ ಒಮ್ಮೆ ಬಂದಿದ್ದರು. ಕಾಫಿಗೂ ಮೊದಲು ಹಿತ್ತಿಲ ಗೋಡೆಯ ಬುಡಕ್ಕೆ ಅಂಗೈ ಇಟ್ಟು ನೋಡಿದರು. ‘ಒಣಗಿದೆ’ ಎಂದರು. ಅಮ್ಮ ಅವರಿಗೆ ಎರಡನೆಯ ಲೋಟ ಕಾಫಿ ಕೊಟ್ಟಳು.