ಅಳಿಸಿಹೋದ ಆಟಗಳ ಊರಿನಲ್ಲಿ ಒಂದು ಮಧ್ಯಾಹ್ನ

ಲಾಸ್ ಏಂಜಲಿಸ್‌ಗೆ ಹೋಗಿ ಬಂದೆ ಅಂದಕೂಡಲೇ ಎಲ್ಲರೂ ಕೇಳೋದು ಒಂದೇ ಪ್ರಶ್ನೆ. "ಹಾಲಿವುಡ್ ನೋಡಿದ್ಯಾ? ಯಾವ ಹೀರೋಯಿನ್ ಸಿಕ್ಕಿದ್ಲು?" ತಿಪಟೂರು ಬಸ್‌ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಕಾಫಿ ಕೊಡುವವನೂ ಬಿಡಲಿಲ್ಲ. ಯಾವ ಹೀರೋಯಿನ್ನೂ ಸಿಗಲಿಲ್ಲ ಸ್ವಾಮಿ. ನಾನು ನೋಡಿದ್ದು ಒಂದು ಕಟ್ಟಡದ ಗೋಡೆ. ಕೊಂಡುಕೊಂಡಿದ್ದು ಒಂದು ಹಳೇ ಡಿವಿಡಿ ಪೆಟ್ಟಿಗೆ. ಆದರೆ ಆ ಗೋಡೆಯ ಕಥೆ, ಆ ಪೆಟ್ಟಿಗೆಯ ಕಥೆ ಯಾವ ಸಿನಿಮಾಕ್ಕೂ ಕಮ್ಮಿಯಿಲ್ಲ. ಬಸ್ಸು ಹೊರಡುವುದು ತಡವಿದ್ದರೆ ಕೇಳಿ.

2024ರ ಅಕ್ಟೋಬರ್. ಅಕ್ಕನಿಗೆ ಎರಡನೇ ಹೆರಿಗೆ. ಬಾಣಂತನಕ್ಕೆ ಅಮ್ಮ ಹೋಗಬೇಕು. ಧರ್ಮಸ್ಥಳ, ತಿರುಪತಿ ಬಿಟ್ಟರೆ ದೂರದ ಊರೇ ಕಾಣದವಳು. ಒಬ್ಬಳೇ ವಿಮಾನ ಹತ್ತುವುದುಂಟೆ? ಜೊತೆಗೆ ಹೋಗಲು ಪುರುಸೊತ್ತಾಗಿರುವವನು ಯಾರು? ಪಿಯುಸಿ ಅರ್ಧಕ್ಕೇ ಬಿಟ್ಟು, ಪತ್ರಿಕೆಗಳಿಗೆ ಬರೆದುಕೊಂಡು ಓಡಾಡುತ್ತಿರುವ ಈ ನಿಮ್ಮ ಲೇಖಕ. ವೀಸಾ ಸಿಕ್ಕಿದ್ದು ಅಮ್ಮನ ಪುಣ್ಯ, ಟಿಕೆಟ್ ಭಾವನ ದುಡ್ಡು.

ಅಕ್ಕನ ಮನೆ ಅರ್ಟೀಷಿಯಾ ಕಡೆ. ಅಲ್ಲಿ ಇಡ್ಲಿ ಹಿಟ್ಟಿನಿಂದ ಹಿಡಿದು ಊದುಬತ್ತಿವರೆಗೆ ಎಲ್ಲಾ ಸಿಗುತ್ತೆ. ಅಮ್ಮನಿಗೆ ಪರದೇಶ ಅನ್ನಿಸಲೇ ಇಲ್ಲ. ನಾನು ಮಾತ್ರ ಮೂರನೇ ದಿನದಿಂದಲೇ ಒಂದೇ ಹಟ ಹಿಡಿದೆ. ಟೆಲಿವಿಷನ್ ಸಿಟಿ ನೋಡಬೇಕು!

"ಅದೇನಿದೆಯೋ ಅಲ್ಲಿ? ಡಿಸ್ನಿಲ್ಯಾಂಡಿಗೆ ಹೋಗೋಣ ಬಾ," ಅಂದರು ಭಾವ. ಅವರಿಗೆ ಹೇಗೆ ಹೇಳಲಿ? ನಮ್ಮಪ್ಪನದು ಬಸ್‌ಸ್ಟ್ಯಾಂಡ್ ಎದುರು ವಿಡಿಯೋ ಕ್ಯಾಸೆಟ್ ಲೈಬ್ರರಿ. ನಾನು ತೊಟ್ಟಿಲಲ್ಲಿ ಬೆಳೆದವನಲ್ಲ, ವಿಸಿಆರ್ ಪಕ್ಕದಲ್ಲಿ ಬೆಳೆದವನು. ವಿಸಿಆರ್ ಒಂದನ್ನೇ ನಂಬಿ ಲಕ್ಷ ಡಾಲರ್ ಗೆದ್ದ ಮನುಷ್ಯನ ಕಥೆ ಓದಿದ ಮೇಲೆ, ಆತ ಗೆದ್ದ ಜಾಗವನ್ನು ಕಣ್ಣಾರೆ ನೋಡದಿದ್ದರೆ ಹೇಗೆ?

ಒಂದು ಬೆಳಿಗ್ಗೆ ಭಾವ ಆಫೀಸಿಗೆ ಹೋಗುವಾಗ ಡೌನ್‌ಟೌನಿನಲ್ಲಿ ಇಳಿಸಿದರು. ಅಲ್ಲಿಂದ ಬೆವರ್ಲಿ ಬುಲೆವಾರ್ಡ್ ಹಿಡಿದು ಪಶ್ಚಿಮಕ್ಕೆ ಹೋಗುವ ಬಸ್ಸು. ಚಾರ್ಜು 1 ಡಾಲರ್ 75 ಸೆಂಟ್. ಕಂಡಕ್ಟರ್ ಇಲ್ಲ, ಚಿಲ್ಲರೆ ಜಗಳವಿಲ್ಲ, ಕಿಟಕಿ ಪಕ್ಕ ಸೀಟು ಧಾರಾಳ. ಕಾರಿನ ಊರಲ್ಲವೇ, ಬಸ್ಸಿನಲ್ಲಿ ಬಡವರು, ಮುದುಕರು ಮತ್ತು ನಾನು!

ಫೇರ್‌ಫ್ಯಾಕ್ಸ್ ಅವೆನ್ಯೂ ಕೂಡುವ ಮೂಲೆಯಲ್ಲಿ ಇಳಿದೆ. ಎದುರಿಗೇ ಕಪ್ಪು ಬಿಳುಪಿನ ದೊಡ್ಡ ದೊಡ್ಡ ಡಬ್ಬ ಜೋಡಿಸಿಟ್ಟಂಥ ಕಟ್ಟಡ. ಗೋಪುರವಿಲ್ಲ, ಕಮಾನಿಲ್ಲ. ಮೊದಲು ಇಲ್ಲಿ ಗಿಲ್‌ಮೋರ್ ಸ್ಟೇಡಿಯಂ ಇತ್ತಂತೆ. 1952ರಲ್ಲಿ ಸಿಬಿಎಸ್ ಕಂಪನಿ ಟೆಲಿವಿಷನ್‌ಗೆಂದೇ ಇದನ್ನು ಕಟ್ಟಿಸಿತು. 2018ರಲ್ಲಿ ನಗರದವರು ಐತಿಹಾಸಿಕ ಸ್ಮಾರಕ ಅಂದರು. ಅದೇ ವರ್ಷ ಸಿಬಿಎಸ್‌ನವರು 75 ಕೋಟಿ ಡಾಲರಿಗೆ ಮಾರುವ ಕರಾರು ಮಾಡಿಕೊಂಡರು. ಸ್ಮಾರಕ ಆದಮೇಲೆ ಮಾರಿದ್ದೋ, ಮಾರುವುದಕ್ಕಾಗಿ ಸ್ಮಾರಕ ಆದದ್ದೋ, ಆ ಲೆಕ್ಕ ನಮಗೆ ಬೇಡ.

ಗೇಟಿನ ಕಾವಲುಗಾರನ ಹತ್ತಿರ ಹೋಗಿ ನನ್ನ ಬಸ್‌ಸ್ಟ್ಯಾಂಡ್ ಇಂಗ್ಲಿಷಿನಲ್ಲಿ ಕೇಳಿದೆ. 33ನೇ ನಂಬರ್ ಸ್ಟುಡಿಯೋ ನೋಡಬಹುದಾ? 'ದಿ ಪ್ರೈಸ್ ಈಸ್ ರೈಟ್' ಆಟ ಐವತ್ತು ವರ್ಷ ನಡೆದ ಸ್ಟುಡಿಯೋ ಅದು. 1998ರಲ್ಲಿ ಅದಕ್ಕೆ ಆ ಆಟ ನಡೆಸುತ್ತಿದ್ದ ಬಾಬ್ ಬಾರ್ಕರ್ ಹೆಸರನ್ನೇ ಇಟ್ಟಿದ್ದರು. ಕಾವಲುಗಾರ ಬಹಳ ಮರ್ಯಾದೆಯಿಂದ ತಲೆಯಾಡಿಸಿದ. ಆ ಆಟ ಇಲ್ಲಿಲ್ಲ, ಹೋದ ವರ್ಷವೇ ಗ್ಲೆಂಡೇಲ್ ಕಡೆಗೆ ಗುಳೆ ಹೋಯಿತು ಎಂದ. ಒಳಗೆ ಬಿಡುವ ಮಾತೇ ಇಲ್ಲ. ಸರಿ, ಎದುರಿನ ಫುಟ್‌ಪಾತಿನಲ್ಲಿ ನಿಂತು ಗೋಡೆ ನೋಡಿದೆ. ಪಂಢರಾಪುರಕ್ಕೆ ಹೋಗಿ ಬಾಗಿಲು ಹಾಕಿದ್ದರೆ ಕಳಶಕ್ಕೆ ಕೈ ಮುಗಿಯೋದಿಲ್ಲವೇ, ಹಾಗೆ.

ಆ ಗೋಡೆಯೊಳಗೆ 1984ರ ಮೇ ತಿಂಗಳಲ್ಲಿ ನಡೆದದ್ದು ಕೇಳಿ. ಓಹಾಯೋ ರಾಜ್ಯದ ಮೈಕೆಲ್ ಲಾರ್ಸನ್. ಐಸ್‌ಕ್ರೀಂ ಗಾಡಿ ಓಡಿಸಿದ್ದವನು, ಆಗ ಕೆಲಸವಿಲ್ಲದೆ ಕೂತಿದ್ದ. ಮನೆ ತುಂಬ ಟಿವಿ, ವಿಸಿಆರ್. 'ಪ್ರೆಸ್ ಯುವರ್ ಲಕ್' ಅಂತ ಒಂದು ಆಟ. 18 ಚೌಕದ ಬೋರ್ಡಿನಲ್ಲಿ ದೀಪ ಚಕಚಕ ಓಡುತ್ತದೆ, ಗುಂಡಿ ಒತ್ತಿದಾಗ ನಿಂತಲ್ಲಿ ದುಡ್ಡು. 'ವ್ಯಾಮಿ' ಎಂಬ ಕೆಂಪು ಪಿಶಾಚಿಯ ಮೇಲೆ ನಿಂತರೆ ಅಷ್ಟೂ ದುಡ್ಡು ಸ್ವಾಹಾ. ನೋಡುವವರಿಗೆ ಎಲ್ಲಾ ಅದೃಷ್ಟ. ಲಾರ್ಸನ್ ಮಾತ್ರ ಟೇಪ್ ಮಾಡಿಕೊಂಡು, ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಮತ್ತೆ ನೋಡಿ, ದೀಪ ಓಡುವ ದಾರಿಗಳು ಐದೇ ಐದು ಅಂತ ಕಂಡುಹಿಡಿದ! ಬಾಯಿಪಾಠ ಮಾಡಿಕೊಂಡು ಬಂದು ಕೂತ. ಒಂದು ಕಂತಿನಲ್ಲಿ ಆಟ ಮುಗಿಯಲೇ ಇಲ್ಲ. ಗೆದ್ದದ್ದು 1,10,237 ಡಾಲರ್. ಕಂಪನಿಯವರು ತಲೆ ಕೆಡಿಸಿಕೊಂಡು ಪರಿಶೀಲಿಸಿದರು. ಮೋಸ ಎಲ್ಲಿದೆ? ಟಿವಿಯವರು ತೋರಿಸಿದ್ದನ್ನೇ ಆತ ನೋಡಿದ್ದ, ಸ್ವಲ್ಪ ಗಮನವಿಟ್ಟು ನೋಡಿದ್ದ, ಅಷ್ಟೇ. ದುಡ್ಡು ಕೊಟ್ಟರು. ಆದರೆ ಆ ಜೂನ್ ತಿಂಗಳಲ್ಲಿ ಎರಡು ಕಂತಾಗಿ ತೋರಿಸಿದ ಮೇಲೆ ಅದನ್ನು ಬೀರುವಿನಲ್ಲಿ ಬೀಗ ಹಾಕಿಟ್ಟರು. ಮತ್ತೆ ಜನ ನೋಡಿದ್ದು 2003ರಲ್ಲಿ. ಲಾರ್ಸನ್ 1999ರಲ್ಲೇ ತೀರಿಕೊಂಡಿದ್ದ. ಈಗ ಅವನ ಮೇಲೆ 'ದಿ ಲಕ್ಕಿಯೆಸ್ಟ್ ಮ್ಯಾನ್ ಇನ್ ಅಮೆರಿಕಾ' ಎಂಬ ಸಿನಿಮಾವೂ ಬಂದಿದೆ.

ಬೀಗ ಹಾಕಿಟ್ಟದ್ದಾದರೂ ಪುಣ್ಯ ಅನ್ನಿ. ಎಷ್ಟೋ ಆಟಗಳು ಬೀರುವಿನವರೆಗೂ ಹೋಗಲಿಲ್ಲ. 1956ರಲ್ಲಿ ವಿಡಿಯೋ ಟೇಪ್ ಬಂದಾಗ ಒಂದು ಗಂಟೆಯ ರೀಲಿಗೆ ಸುಮಾರು 300 ಡಾಲರ್. ಎರಡಂಗುಲ ಅಗಲದ ಟೇಪು, ಒಂದೊಂದು ರೀಲೂ ಒರಳುಕಲ್ಲಿನ ಗಾತ್ರ. ಯಾರು ಗೆದ್ದರು ಅಂತ ಗೊತ್ತಾದ ಮೇಲೆ ಆಟವನ್ನು ಮತ್ತೆ ಯಾರು ನೋಡ್ತಾರೆ? ಅಳಿಸು, ಅದರ ಮೇಲೇ ನಾಳೆಯದನ್ನು ತುಂಬು! ಇದು ಆಗಿನ ವ್ಯಾಪಾರ. ಎನ್‌ಬಿಸಿಯಲ್ಲಿ ಆರ್ಟ್ ಫ್ಲೆಮಿಂಗ್ ನಡೆಸುತ್ತಿದ್ದ 'ಜೆಪರ್ಡಿ' 1964ರಿಂದ 1975ರವರೆಗೆ ಎರಡೂವರೆ ಸಾವಿರಕ್ಕೂ ಹೆಚ್ಚು ಕಂತು ನಡೆಯಿತು. ಉಳಿದಿರೋದು ಬೆರಳೆಣಿಕೆಯಷ್ಟು. 2005ರಲ್ಲಿ 'ಜೆಪರ್ಡಿ' ಡಿವಿಡಿ ಬಂತು ನಿಜ. ಆದರೆ ಆ ಹನ್ನೊಂದು ವರ್ಷವನ್ನು ಯಾವ ಡಿವಿಡಿ ಕಂಪನಿ ತಾನೇ ತಂದುಕೊಟ್ಟೀತು?

ಗ್ರೌಚೋ ಮಾರ್ಕ್ಸ್ ಗೊತ್ತಲ್ಲ? ದಪ್ಪ ಹುಬ್ಬು, ದಪ್ಪ ಮೀಸೆ, ಬಾಯಲ್ಲಿ ಚುಟ್ಟಾ, ನಗೆನಟರ ರಾಜ. ಅವನ 'ಯೂ ಬೆಟ್ ಯುವರ್ ಲೈಫ್' ಆಟ 1950ರಿಂದ 1961ರವರೆಗೆ ಟಿವಿಯಲ್ಲಿ ಬಂದದ್ದು. 1973ರಲ್ಲಿ ಆ ಫಿಲಂ ಡಬ್ಬಗಳನ್ನು ನಾಶ ಮಾಡೋಣ ಅಂತ ಗೋದಾಮಿನವರು ಹೊರಟಿದ್ದರು. ಅದಕ್ಕೆ ಮುಂಚೆ ಗ್ರೌಚೋ ಮನೆಗೆ ಒಂದು ಫೋನು. ನಿಮಗೇನಾದರೂ ಬೇಕಾ? ಫೋನಿಗೆ ಸಿಕ್ಕಿದ್ದು ಮೊಮ್ಮಗ. ಬೇಕು, ಎಲ್ಲಾ ಕಳಿಸಿ ಅಂದ. ಲಾರಿಗಟ್ಟಲೆ ಡಬ್ಬ ಬಂದು ಬೆವರ್ಲಿ ಹಿಲ್ಸ್‌ನ ಮನೆಯ ಮೂಲೆಮೂಲೆ ತುಂಬಿತು. ಮರುವರ್ಷವೇ ಅವು ಟಿವಿಗೆ ಬಂದವು, ಜನ ಮುಗಿಬಿದ್ದರು. 2003ರಲ್ಲಿ ಡಿವಿಡಿ ಪೆಟ್ಟಿಗೆಯೇ ಬಂತು. ಆ ದಿನ ಆ ಹುಡುಗ ಮನೆಯಲ್ಲಿರದೆ ಎಲ್ಲಾದರೂ ತಿರುಗಲು ಹೋಗಿದ್ದರೆ?

ಈ ಪ್ರಶ್ನೆ ನನಗೆ ಚುಚ್ಚುತ್ತದೆ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಸಂಜೆ ಅರ್ಟೀಷಿಯಾಕ್ಕೆ ವಾಪಸ್ಸು ಬಂದವನು ಮನೆ ಹತ್ತಿರದ ಹಳೇ ಸಾಮಾನಿನ ಅಂಗಡಿಗೆ ನುಗ್ಗಿದೆ. ಸೆಕೆಂಡ್‌ಹ್ಯಾಂಡ್ ಬೂಟು, ಬಾಣಲೆ, ಗೊಂಬೆ. ಮೂಲೆಯಲ್ಲಿ ಡಿವಿಡಿ ರಾಶಿ. ಕೈಯಾಡಿಸಿದರೆ ಸಿಕ್ಕಿತು ನೋಡಿ, 'ದಿ ಬೆಸ್ಟ್ ಆಫ್ ದಿ ಪ್ರೈಸ್ ಈಸ್ ರೈಟ್'! ನಾಲ್ಕು ಡಿಸ್ಕು, 3 ಡಾಲರ್. ಅದೇ ಅಂಗಡಿಯಲ್ಲಿ 8 ಡಾಲರಿಗೆ ಪ್ಲೇಯರೂ ಸಿಕ್ಕಿತು. ಭಾವನ ಮನೆಯಲ್ಲಿ ಗೋಡೆಯಗಲ ಟಿವಿ ಇದೆ, ಡಿಸ್ಕು ಹಾಕಲು ಒಂದು ಕಿಂಡಿ ಇರಲಿಲ್ಲ.

ಈ ಪೆಟ್ಟಿಗೆ ಬಂದದ್ದು 2008ರ ಮಾರ್ಚ್ 25ರಂದು. ಬಿಸಿಐ ಎಂಬ ಕಂಪನಿಯದು. ಹಳೇ ಆಟಗಳನ್ನು ಒಂದೊಂದಾಗಿ ಡಿವಿಡಿ ಮಾಡುತ್ತಿದ್ದ ಪುಣ್ಯಾತ್ಮರು. ಅದೇ ವರ್ಷದ ಕೊನೆಗೆ ಬಾಗಿಲು ಹಾಕುವಂತಾಯಿತು. ಒಳಗೆ 26 ಕಂತು. ಬಿಲ್ ಕಲನ್ ನಡೆಸುತ್ತಿದ್ದ ಹಳೇ ಕಾಲದವು 4, ಬಾರ್ಕರ್‌ನ 1972ರಿಂದ 75ರೊಳಗಿನವು 17, 2007ರಲ್ಲಿ ಅವನು ನಿವೃತ್ತನಾದಾಗಿನ ಕೊನೆಯವು 5. ಮೂವತ್ತೈದು ವರ್ಷ ನಡೆಸಿದವನ ಆಟದಲ್ಲಿ 75ಕ್ಕೂ 2007ಕ್ಕೂ ನಡುವಿನದು ಒಂದೂ ಇಲ್ಲ!

ಇನ್ನೊಂದು ತಮಾಷೆ. 1972ರ ಸೆಪ್ಟೆಂಬರ್ 4ರ ಮೊಟ್ಟಮೊದಲ ಕಂತೂ ಅದರಲ್ಲಿಲ್ಲ. ಕಾರಣ ಒಂದು ಕೋಟು! ಅವತ್ತು ಬೆಲೆ ಹೇಳಲು ಇಟ್ಟ ಮೊದಲ ಸಾಮಾನೇ ಪ್ರಾಣಿಯ ತುಪ್ಪಳದ ಕೋಟು. ಬಾರ್ಕರ್ ಮುಂದೆ ಸಸ್ಯಾಹಾರಿಯಾದ, ಪ್ರಾಣಿಗಳ ಪರ ಹೋರಾಟಕ್ಕೆ ನಿಂತ. 1982ರಿಂದ ತುಪ್ಪಳದ ಬಹುಮಾನವೇ ಬಂದ್. ಹಳೇ ಕಂತುಗಳನ್ನು ಹೊರತಂದರೂ ಅಂಥ ಕೋಟು ಕಾಣಕೂಡದು ಅಂತ ಪಟ್ಟು ಹಿಡಿದ. 2020ರಲ್ಲಿ ಪ್ಲೂಟೋ ಟಿವಿಯಲ್ಲಿ ಬಾರ್ಕರ್ ಕಾಲದ ಆಟಕ್ಕೆಂದೇ ಒಂದು ಚಾನೆಲ್ ಬಂದಾಗಲೂ ಶುರುಮಾಡಿದ್ದು 1982ರ ಕಂತುಗಳಿಂದ. 2023ರಲ್ಲಿ 99ನೇ ವಯಸ್ಸಿನಲ್ಲಿ ಬಾರ್ಕರ್ ತೀರಿಕೊಂಡ. ದಯೆಯೇ ದೊಡ್ಡದು, ಒಪ್ಪುತ್ತೇನೆ. ಆದರೆ ಆ ಮೊದಲ ದಿನ ಕುಣಿದು ಕುಪ್ಪಳಿಸಿದ ಜನರ ಮುಖ? ಅವರೇನು ತಪ್ಪು ಮಾಡಿದ್ದರು? ಈ ಜಗಳದಲ್ಲಿ ಯಾವ ಕಡೆ ನಿಲ್ಲಬೇಕೋ ನನಗಿನ್ನೂ ತಿಳಿದಿಲ್ಲ.

ರಾತ್ರಿ ಮಗು ಮಲಗಿದ ಮೇಲೆ ಡಿಸ್ಕು ಹಾಕಿದೆ. ಅಮ್ಮನಿಗೆ ಇಂಗ್ಲಿಷ್ ಬಾರದು. ಅದರ ಅಗತ್ಯವೂ ಬೀಳಲಿಲ್ಲ. ಸಾಮಾನು ತೋರಿಸ್ತಾರೆ, ನಾಲ್ಕು ಜನ ಬೆಲೆ ಹೇಳ್ತಾರೆ, ನಿಜವಾದ ಬೆಲೆ ಮೀರದೆ ಹತ್ತಿರ ಬಂದವರು ಗೆದ್ದರು. ಸಂತೆಗೆ ಹೋಗಿ ಗೊತ್ತಿರುವ ಯಾರಿಗೂ ಅರ್ಥವಾಗುವ ಆಟ. ಅನೌನ್ಸರ್ ಜಾನಿ ಓಲ್ಸನ್ ಹೆಸರು ಹಿಡಿದು ಕೂಗಿದ ತಕ್ಷಣ ಜನ ಕುರ್ಚಿ ಬಿಟ್ಟು ಓಡಿ ಬರೋದು ನೋಡಿ ಅಮ್ಮ, "ಥೇಟ್ ನಮ್ಮ ಜಾತ್ರೆ ಮೈಕಿನೋನ ಥರಾನೇ ಕೂಗ್ತಾನಲ್ಲೋ," ಅಂದಳು. ಹತ್ತು ನಿಮಿಷದಲ್ಲಿ ತಾನೇ ಬೆಲೆ ಹೇಳೋಕೆ ಶುರುಮಾಡಿದಳು. ಫ್ರಿಜ್ಜಿಗೆ ಇಷ್ಟು, ಸೋಫಾಗೆ ಇಷ್ಟು. ಎರಡು ಸಲ ಗೆದ್ದಳು! ಐವತ್ತು ವರ್ಷದ ಹಿಂದಿನ ಡಾಲರಿನಲ್ಲಿ!

ಕೊನೆಯ ಡಿಸ್ಕಿನಲ್ಲಿ ಬಾರ್ಕರ್‌ನ ವಿದಾಯ. ಬೆಳ್ಳಿ ಕೂದಲಿನ ಮುದುಕ, ಕೈಯಲ್ಲಿ ಸಣ್ಣ ಮೈಕು. ಅಮ್ಮ ಸುಮ್ಮನೆ ನೋಡುತ್ತಿದ್ದವಳು, "ನಮ್ಮ ಅಪ್ಪೂದೂ ಹಿಂಗೇ ಪೆಟ್ಟಿಗೆ ಬಂದಿದ್ಯೇನೋ? ಕೋಟ್ಯಧಿಪತಿದು?" ಅಂತ ಕೇಳಿದಳು. 2012ರಲ್ಲಿ ಪುನೀತ್ ರಾಜ್‌ಕುಮಾರ್ ಆ ಸೀಟಿನಲ್ಲಿ ಕೂತು ಜನರನ್ನು ಮಾತಾಡಿಸುತ್ತಿದ್ದಾಗ ನಮ್ಮನೆಯಲ್ಲಿ ಊಟದ ಹೊತ್ತೇ ಬದಲಾಗಿತ್ತು. ಅಪ್ಪು ಹೋಗಿದ್ದು 2021ರಲ್ಲಿ. ಫೋನಿನಲ್ಲಿ ತುಂಡು ತುಂಡು ಸಿಗುತ್ತೆ, ಅಂಗಡಿಯಲ್ಲಿ ಪೆಟ್ಟಿಗೆ ಅಂತ ನನ್ನ ಕಣ್ಣಿಗೆ ಬಿದ್ದಿಲ್ಲ ಕಣಮ್ಮ ಅಂದೆ.

ಅಮ್ಮ ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮಪ್ಪಂದು?" ಅಂದಳು.

ಈಗ ಹೇಳಿಬಿಡುತ್ತೇನೆ. 2003ರಲ್ಲಿ ನಮ್ಮಪ್ಪ ಟಿವಿಯ ಒಂದು ಕನ್ನಡ ಕ್ವಿಜ್‌ಗೆ ಹೋಗಿದ್ದರು. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಾಕಿ ಬಾಚಿದ ತಲೆ. ಪ್ರಸಾರವಾದ ದಿನ ಅಂಗಡಿಯ ವಿಸಿಆರ್‌ನಲ್ಲಿ ಟೇಪ್ ಮಾಡಿದೆವು. ಆ ಕ್ಯಾಸೆಟ್ಟಿನ ಮೇಲೆ 2005ರಲ್ಲಿ ಒಂದು ಕ್ರಿಕೆಟ್ ಮ್ಯಾಚು ರೆಕಾರ್ಡ್ ಆಯಿತು. ಮಾಡಿದವನು ಎಂಟು ವರ್ಷದ ನಾನು. ಖಾಲಿ ಕ್ಯಾಸೆಟ್ ಸಿಗಲಿಲ್ಲ, ಸಿಕ್ಕಿದ್ದನ್ನು ತುರುಕಿದೆ. ಯಾವ ಮ್ಯಾಚು ಅಂತಲೂ ನೆನಪಿಲ್ಲ. ಅಪ್ಪ ಬೈಯಲಿಲ್ಲ. "ಹೋಗ್ಲಿ ಬಿಡೋ, ಅದ್ರಲ್ಲಿ ನಾನು ಸೋತಿದ್ದೆ," ಅಂತ ನಕ್ಕರು. 2016ರಲ್ಲಿ ಅವರು ಹೋದರು. ನಮ್ಮಲ್ಲಿ ಅವರ ಫೋಟೋ ಇದೆ, ಧ್ವನಿ ಇಲ್ಲ.

ಊರಿಗೆ ಬಂದಮೇಲೆ ಡಿವಿಡಿ ಪೆಟ್ಟಿಗೆಯನ್ನು ಮುಚ್ಚಿದ ಅಂಗಡಿಗೆ ತೆಗೆದುಕೊಂಡು ಹೋದೆ. ಅಮೆರಿಕದ ಡಿಸ್ಕು ಇಲ್ಲಿ ಓಡೋದಿಲ್ಲ, ಅಲ್ಲಿನ ವಲಯದ ನಂಬರ್ 1, ನಮ್ಮದು 5 ಅಂತ ಎಲ್ಲರೂ ಹೆದರಿಸಿದ್ದರು. ಅಪ್ಪನ ಹಳೇ ಪ್ಲೇಯರ್ ಯಾವ ನಂಬರನ್ನೂ ಕೇಳದೆ ನುಂಗಿತು! ಅದರ ಕೆಳಗೆ ಧೂಳು ಹಿಡಿದ ಲೈಬ್ರರಿ ರಿಜಿಸ್ಟರು. ಸುಮ್ಮನೆ ತಿರುವುತ್ತಾ ಹೋದೆ. ಅಪ್ಪನ ದುಂಡನೆ ಅಕ್ಷರ. 2004ರ ಫೆಬ್ರವರಿಯ ಹಾಳೆಯಲ್ಲಿ ಒಂದು ಸಾಲು: "ಕ್ವಿಜ್ (2ನೇ ಕಾಪಿ)". ಎದುರಿಗೆ ಒಬ್ಬ ಮೇಷ್ಟ್ರ ಹೆಸರು. ವಾಪಸ್ಸು ಬಂದ ತಾರೀಖಿನ ಜಾಗ ಖಾಲಿ.

ಎರಡು ವಿಸಿಆರ್ ಇದ್ದ ಅಂಗಡಿ, ಒಂದು ಕಾಪಿ ಎಳೆದಿಟ್ಟಿದ್ದಾರೆ! ವಿಚಾರಿಸಿದೆ. ಮೇಷ್ಟ್ರು ರಿಟೈರಾಗಿ ಕಡೂರಿನಲ್ಲಿದ್ದಾರೆ. ಫೋನಿನಲ್ಲಿ ಸಿಕ್ಕರು. "ಅಟ್ಟದ ಮೇಲೆ ಕ್ಯಾಸೆಟ್ ಒಂದಷ್ಟಿವೆಯಪ್ಪಾ, ಬೂಷ್ಟು ಹಿಡಿದಿರಬಹುದು, ಬಂದು ನೋಡ್ಕೋ," ಅಂದರು.

ಭಾನುವಾರ ಬೆಳಿಗ್ಗೆ ಮೊದಲನೇ ಬಸ್ಸಿಗೆ ಹೋಗ್ತಿದ್ದೀನಿ. ಅಮ್ಮನೂ ಬರ್ತಾಳಂತೆ.